ಮೊದಲ ಲಿನಕ್ಸ್: ಯಾವುದನ್ನು ಆರಿಸಿಕೊಳ್ಳಬೇಕು?

ಗಣಕ ವಿಜ್ಞಾನ ವಿಭಾಗದಿಂದ



ಈಚೆಗೆ ಲ್ಯಾಬಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: "ಸರ್, ಮನೆಯಲ್ಲಿರುವ ಲ್ಯಾಪ್‌ಟಾಪ್ ಹಳೆಯದು. ವಿಂಡೋಸ್ 11 ಹಾಕಲು ಆಗುವುದಿಲ್ಲ ಎಂದು ತೋರಿಸುತ್ತದೆ. ಲಿನಕ್ಸ್ ಹಾಕಬಹುದಾ? ಹಾಕುವುದಾದರೆ ಯಾವ ಲಿನಕ್ಸ್?"

ಈ ಪ್ರಶ್ನೆ ಈಗ ಏಳುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಹೆಚ್ಚಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಣ್ಣನೋ ಅಕ್ಕನೋ ಡಿಗ್ರಿ ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪು, ಸೆಕೆಂಡ್ ಹ್ಯಾಂಡ್ ಕೊಂಡ ಲ್ಯಾಪ್‌ಟಾಪು ಈ ಪಟ್ಟಿಯಲ್ಲಿ ಬರುವುದು ಕಷ್ಟ. ಆದರೆ ಯಂತ್ರ ಕೆಟ್ಟಿಲ್ಲ. ಕೀಬೋರ್ಡು, ಪರದೆ, ಡಿಸ್ಕು ಎಲ್ಲ ಸರಿ ಇವೆ. ಹೊಸದು ಕೊಳ್ಳಲು ಮನೆಯಲ್ಲಿ ಹೇಳುವ ಮೊದಲು ಅದಕ್ಕೆ ಇನ್ನೂ ನಾಲ್ಕೈದು ವರ್ಷ ಆಯುಷ್ಯ ಕೊಡಬಹುದೇ ಎಂದು ನೋಡುವುದು ಜಾಣತನ.

ಹಾಗೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ನೂರಾರು ಹೆಸರು ಬರುತ್ತವೆ: ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಆರ್ಚ್, ಕಾಲಿ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ. ಹೊಸಬರು ಗೊಂದಲಕ್ಕೆ ಬಿದ್ದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಈ ಲೇಖನದ ಉದ್ದೇಶ ಆ ಗೊಂದಲ ಬಿಡಿಸುವುದು. "ಎಲ್ಲಕ್ಕಿಂತ ಒಳ್ಳೆಯ ಲಿನಕ್ಸ್ ಯಾವುದು?" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ನನ್ನ ಯಂತ್ರ ಎಂಥದು? ನನಗೆ ಆಗಬೇಕಾದ ಕೆಲಸ ಯಾವುದು? ತೊಂದರೆಯಾದರೆ ಯಾರನ್ನು ಕೇಳುತ್ತೇನೆ? ಈ ಮೂರಕ್ಕೆ ಉತ್ತರ ಬರೆದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಲಿನಕ್ಸ್ ಒಂದೇ, ಡಿಸ್ಟ್ರೋ ಹಲವು

1991ರ ಆಗಸ್ಟ್‌ನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ಪ್ರಕಟಿಸಿದರು. ಆಗ ಅವರಿಗೆ 21 ವರ್ಷ. ಅವರು ಬರೆದದ್ದು ಕರ್ನಲ್ ಮಾತ್ರ. ಅಂದರೆ ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡ್ ಇವುಗಳನ್ನೆಲ್ಲ ನಿಭಾಯಿಸುವ ಒಳಗಿನ ಭಾಗ. ಕರ್ನಲ್ ಒಂದರಿಂದಲೇ ನಾವು ಪತ್ರ ಟೈಪ್ ಮಾಡಲಾಗದು, ವಿಡಿಯೋ ನೋಡಲಾಗದು. ಅದಕ್ಕೆ ಇತರ ತಂತ್ರಾಂಶಗಳು ಬೇಕು. ಅವುಗಳಲ್ಲಿ ಹಲವನ್ನು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನು ಯೋಜನೆ ಅಷ್ಟರಲ್ಲಿ ತಯಾರು ಮಾಡಿಟ್ಟಿತ್ತು.

ಕರ್ನಲ್, ಗ್ನು ತಂತ್ರಾಂಶ, ಪರದೆಯ ಮೇಲೆ ಕಾಣುವ ಮೆನು ಮತ್ತು ಕಿಟಕಿಗಳು, ಬ್ರೌಸರ್, ಆಫೀಸ್ ತಂತ್ರಾಂಶ ಎಲ್ಲವನ್ನೂ ಹೊಂದಿಸಿ, ಪರೀಕ್ಷಿಸಿ, ಒಂದೇ ಕಟ್ಟಾಗಿ ಕೊಡುವುದಕ್ಕೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಚಿಕ್ಕದಾಗಿ ಡಿಸ್ಟ್ರೋ.

ಬಸ್ಸಿನ ಉದಾಹರಣೆ ತೆಗೆದುಕೊಳ್ಳಿ. ಎಂಜಿನ್ ಮತ್ತು ಚಾಸಿಸ್ ಒಂದು ಕಾರ್ಖಾನೆಯಿಂದ ಬರುತ್ತದೆ. ಅದರ ಮೇಲೆ ಬಾಡಿ ಕಟ್ಟುವವರು ಬೇರೆ. ಅದೇ ಚಾಸಿಸ್ ಮೇಲೆ ಹಳ್ಳಿಗೆ ಹೋಗುವ ಸಾಮಾನ್ಯ ಬಸ್ ಕಟ್ಟಬಹುದು, ಶಾಲೆಯ ಬಸ್ ಕಟ್ಟಬಹುದು, ರಾತ್ರಿ ಪ್ರಯಾಣದ ಸ್ಲೀಪರ್ ಕೂಡ ಕಟ್ಟಬಹುದು. ಸೀಟು, ಕಿಟಕಿ, ಬಣ್ಣ ಬೇರೆ ಬೇರೆ. ಎಳೆಯುವ ಎಂಜಿನ್ ಒಂದೇ. ಲಿನಕ್ಸ್ ಕರ್ನಲ್ ಆ ಎಂಜಿನ್, ಡಿಸ್ಟ್ರೋ ಅದರ ಮೇಲೆ ಕಟ್ಟಿದ ಬಸ್. ಒಂದನ್ನು ಓಡಿಸಲು ಕಲಿತವರಿಗೆ ಇನ್ನೊಂದು ತೀರಾ ಹೊಸದಾಗಿ ಕಾಣುವುದಿಲ್ಲ. ಇದನ್ನು ನೆನಪಿಟ್ಟುಕೊಂಡರೆ "ತಪ್ಪು ಡಿಸ್ಟ್ರೋ ಆರಿಸಿಬಿಟ್ಟರೆ?" ಎಂಬ ಭಯ ಅರ್ಧ ಕಡಿಮೆಯಾಗುತ್ತದೆ.

ವ್ಯತ್ಯಾಸ ಇರುವುದು ಎಲ್ಲಿ?

ಹೆಸರು ನೂರಿದ್ದರೂ ಹೊಸಬರಿಗೆ ಮುಖ್ಯವಾಗುವ ವ್ಯತ್ಯಾಸ ಮೂರೇ.

ಒಂದು, ತಂತ್ರಾಂಶ ಹಾಕಿಕೊಳ್ಳುವ ವಿಧಾನ. ಲಿನಕ್ಸ್‌ನಲ್ಲಿ ಸಿಕ್ಕ ಸಿಕ್ಕ ಜಾಲತಾಣದಿಂದ ತಂತ್ರಾಂಶ ಇಳಿಸಿಕೊಳ್ಳುವ ಪದ್ಧತಿ ಇಲ್ಲ. ನಿಮ್ಮ ಮೊಬೈಲಿನ ಪ್ಲೇ ಸ್ಟೋರ್ ಹಾಗೆ ಪ್ರತಿ ಡಿಸ್ಟ್ರೋಗೂ ಅದರದೇ ಭಂಡಾರ ಇರುತ್ತದೆ. ಡೆಬಿಯನ್, ಉಬುಂಟು, ಮಿಂಟ್ ಬಳಸುವುದು ಆಪ್ಟ್ ಎಂಬ ಪ್ಯಾಕೇಜ್ ಮ್ಯಾನೇಜರ್, ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್.

ಎರಡು, ಡೆಸ್ಕ್‌ಟಾಪ್. ಅಂದರೆ ಕಣ್ಣಿಗೆ ಕಾಣುವ ಭಾಗ. ಸಿನಮನ್ ಎಂಬುದು ವಿಂಡೋಸ್ ಬಳಸಿದವರಿಗೆ ಪರಿಚಿತವಾಗಿ ಕಾಣುತ್ತದೆ: ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ಗ್ನೋಮ್‌ನ ವಿನ್ಯಾಸ ಬೇರೆ. ರೂಢಿಯಾಗಲು ಕೆಲವು ದಿನ ಬೇಕು. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಹಗುರ. ಕಡಿಮೆ ರ‍್ಯಾಮ್ ಇರುವ ಯಂತ್ರಕ್ಕೆ ಹೊಂದುತ್ತವೆ.

ಮೂರು, ಹೊಸ ಆವೃತ್ತಿ ಬರುವ ವೇಗ ಮತ್ತು ಬೆಂಬಲದ ಅವಧಿ. ಉಬುಂಟು ಆವೃತ್ತಿಯ ಸಂಖ್ಯೆಯಲ್ಲೇ ದಿನಾಂಕ ಇರುತ್ತದೆ: 24.04 ಎಂದರೆ 2024ರ ನಾಲ್ಕನೇ ತಿಂಗಳು. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವ ಆವೃತ್ತಿಗೆ ಎಲ್‌ಟಿಎಸ್ ಎಂಬ ಗುರುತು ಇರುತ್ತದೆ. ದೀರ್ಘಾವಧಿ ಬೆಂಬಲ ಎಂದು ಅದರ ಅರ್ಥ. ಅದಕ್ಕೆ 5 ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ. ನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸದು ತರುತ್ತದೆ. ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಪಿಯುಸಿ ಎರಡು ವರ್ಷದ ಓದು. ನಡುವೆ ಆಪರೇಟಿಂಗ್ ಸಿಸ್ಟಂ ಬದಲಾಯಿಸುವ ತಲೆನೋವು ಬೇಡ ಎನ್ನುವವರು ದೀರ್ಘಾವಧಿ ಬೆಂಬಲ ಇರುವುದನ್ನೇ ಆರಿಸಿಕೊಳ್ಳಬೇಕು.

ಮೊದಲ ಪ್ರಶ್ನೆ: ಯಂತ್ರ ಎಂಥದು?

ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆಯಿರಿ. ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, 64 ಬಿಟ್ ಹೌದೋ ಅಲ್ಲವೋ ಬರೆದುಕೊಳ್ಳಿ. ಕೆಲವು ಹಳೆಯ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್ ಇದ್ದರೂ ವಿಂಡೋಸ್ 32 ಬಿಟ್‌ನದು ಹಾಕಿರುತ್ತಾರೆ. ನೀವು ನೋಡಬೇಕಾದದ್ದು ಪ್ರೊಸೆಸರನ್ನು.

ರ‍್ಯಾಮ್ 8 ಜಿಬಿ ಅಥವಾ ಹೆಚ್ಚಿದ್ದರೆ ಯಾವ ಡಿಸ್ಟ್ರೋ ಆದರೂ ನಡೆಯುತ್ತದೆ. 4 ಜಿಬಿ ಇದ್ದರೆ ಹಗುರವಾದ ಡೆಸ್ಕ್‌ಟಾಪ್ ಆರಿಸಿ. 2 ಜಿಬಿ ಇದ್ದರೆ ನಡೆಯುತ್ತದೆ, ಆದರೆ ನಿರೀಕ್ಷೆ ಕಡಿಮೆ ಇರಲಿ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಜಾಗ ಸಾಕು. ಆರಾಮವಾಗಿ ಬಳಸಲು 4 ಜಿಬಿ ರ‍್ಯಾಮ್ ಬೇಕು ಎಂದು ಅದನ್ನು ತಯಾರಿಸುವವರೇ ಹೇಳುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಲಿನಕ್ಸ್ ಹಾಕಿದ ಕೂಡಲೇ ಹಳೆಯ ಲ್ಯಾಪ್‌ಟಾಪ್ ಹೊಸದಾಗುವುದಿಲ್ಲ. ಇಂದು ರ‍್ಯಾಮ್ ತಿನ್ನುವುದು ಮುಖ್ಯವಾಗಿ ಬ್ರೌಸರ್. ಒಂದು ಕಡೆ ಯೂಟ್ಯೂಬ್ ಪಾಠ, ಇನ್ನೊಂದು ಕಡೆ ವಾಟ್ಸಾಪ್ ವೆಬ್, ಜೊತೆಗೆ ಹತ್ತು ಟ್ಯಾಬ್ ತೆರೆದರೆ ಯಾವ ಡಿಸ್ಟ್ರೋ ಆದರೂ 2 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ಸ್ವಲ್ಪ ಹಣ ಖರ್ಚು ಮಾಡಲು ಸಾಧ್ಯವಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಡಿಸ್ಟ್ರೋ ಬದಲಾಯಿಸಿ ಸಿಗುವ ವೇಗಕ್ಕಿಂತ ಅದರಿಂದ ಸಿಗುವ ವೇಗ ಹೆಚ್ಚು.

ಪ್ರೊಸೆಸರೇ 32 ಬಿಟ್ ಆಗಿದ್ದರೆ ದಾರಿ ಕಿರಿದು. ಲಿನಕ್ಸ್ ಮಿಂಟ್ ಮುಖ್ಯ ಆವೃತ್ತಿ 2020ರಿಂದ 64 ಬಿಟ್‌ಗೆ ಮಾತ್ರ. ಡೆಬಿಯನ್‌ನಲ್ಲಿ 32 ಬಿಟ್ ಇನ್‌ಸ್ಟಾಲರ್ ಇದ್ದ ಕೊನೆಯ ಆವೃತ್ತಿ 12. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಅದು ಇಲ್ಲ. ಅಂಥ ಯಂತ್ರವನ್ನು ಆದೇಶಗಳ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ದಿನದ ಓದಿಗೆ ಅದನ್ನೇ ನಂಬಬೇಡಿ.

ಎರಡನೇ ಪ್ರಶ್ನೆ: ಆಗಬೇಕಾದ ಕೆಲಸ ಯಾವುದು?

ವಿಜ್ಞಾನ ವಿಭಾಗದವರಿಗೆ, ಮುಖ್ಯವಾಗಿ ಗಣಕ ವಿಜ್ಞಾನ ಓದುವವರಿಗೆ, ಲಿನಕ್ಸ್‌ನಲ್ಲಿ ಲಾಭವೇ ಹೆಚ್ಚು. ಹೆಚ್ಚಿನ ಡಿಸ್ಟ್ರೋಗಳಲ್ಲಿ ಪೈಥಾನ್ ಮೊದಲೇ ಇರುತ್ತದೆ. ಸಿ ಮತ್ತು ಸಿ++ ಕಂಪೈಲರ್, ಮೈಎಸ್‌ಕ್ಯೂಎಲ್ ಇವನ್ನೆಲ್ಲ ಭಂಡಾರದಿಂದ ಉಚಿತವಾಗಿ ಹಾಕಿಕೊಳ್ಳಬಹುದು. ಲ್ಯಾಬಿನಲ್ಲಿ ಬರೆದ ಪೈಥಾನ್ ಪ್ರೋಗ್ರಾಂ ಮನೆಯಲ್ಲಿ ಲಿನಕ್ಸ್ ಮೇಲೂ ಹಾಗೆಯೇ ಓಡುತ್ತದೆ. ಮುಂದೆ ಎಂಜಿನಿಯರಿಂಗ್ ಅಥವಾ ಬಿಸಿಎ ಸೇರಿದರೆ ಸರ್ವರ್, ಕ್ಲೌಡ್ ಎಂಬ ಮಾತು ಬಂದಲ್ಲೆಲ್ಲ ಲಿನಕ್ಸ್ ಎದುರಾಗುತ್ತದೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲ 500ರಲ್ಲೂ ಇರುವುದು ಲಿನಕ್ಸ್. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗೂ ಅದೇ ಕರ್ನಲ್.

ವಾಣಿಜ್ಯ ವಿಭಾಗದವರು ಒಂದು ಕ್ಷಣ ನಿಲ್ಲಿ. ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ನೀವು ಟ್ಯಾಲಿ ಕೋರ್ಸ್ ಮಾಡುತ್ತಿದ್ದರೆ, ಅಥವಾ ಮನೆಯ ಅಂಗಡಿಯ ಲೆಕ್ಕ ಅದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದರೆ, ವಿಂಡೋಸನ್ನು ಅಳಿಸಲೇಬೇಡಿ. ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಆದರೆ ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಇಂಟರ್‌ನೆಟ್ ಕೆಲಸಕ್ಕೆ ಲಿನಕ್ಸ್, ಟ್ಯಾಲಿಗೆ ಮಾತ್ರ ವಿಂಡೋಸ್ ಎಂದು ಹಂಚಿಕೊಳ್ಳಿ.

ಕಲಾ ವಿಭಾಗದವರಿಗೂ ಅಧ್ಯಾಪಕರಿಗೂ ಮುಖ್ಯವಾದದ್ದು ಟೈಪಿಂಗ್. ಯೂನಿಕೋಡ್ ಕನ್ನಡ ಎಲ್ಲ ಪ್ರಮುಖ ಡಿಸ್ಟ್ರೋಗಳಲ್ಲೂ ಸರಿಯಾಗಿ ಮೂಡುತ್ತದೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಮುಂತಾದ ಕನ್ನಡ ಅಕ್ಷರ ವಿನ್ಯಾಸಗಳು ಉಚಿತ. ನುಡಿಯಲ್ಲಿ ಟೈಪ್ ಮಾಡಿ ರೂಢಿ ಇರುವವರು ಐಬಸ್ ಎಂಬ ತಂತ್ರಾಂಶದ ಜೊತೆ ಎಂ17ಎನ್ ಭಾಗವನ್ನೂ ಹಾಕಿಕೊಂಡರೆ ಕೆಜಿಪಿ ಎಂಬ ಕೀಲಿಮಣೆ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಅದೇ ವಿನ್ಯಾಸ. ಬೆರಳಿಗೆ ಹೊಸ ಪಾಠ ಬೇಕಿಲ್ಲ. ಉರ್ದು, ಅರಬಿ, ಹಿಂದಿ ಓದುವವರಿಗೂ ಆಯಾ ಕೀಲಿಮಣೆಗಳಿವೆ. ಉರ್ದುವನ್ನು ಪುಸ್ತಕದಲ್ಲಿ ಇರುವಂತೆ ನಸ್ತಾಲೀಕ್ ಬರಹದಲ್ಲಿ ನೋಡಬೇಕಾದರೆ ನೋಟೋ ನಸ್ತಾಲೀಕ್ ಉರ್ದು ಎಂಬ ಅಕ್ಷರ ವಿನ್ಯಾಸ ಹಾಕಿಕೊಳ್ಳಿ.

ಅಧ್ಯಾಪಕರ ಗಮನಕ್ಕೆ ಎರಡು ಸೂಚನೆ. ಹಳೆಯ ನುಡಿ, ಬರಹ ಅಕ್ಷರ ವಿನ್ಯಾಸದಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವರ್ಡ್ ಕಡತಗಳು ತೆರೆಯುತ್ತವೆ, ಆದರೆ ಕೋಷ್ಟಕ, ಪುಟದ ಅಂಚು ಸ್ವಲ್ಪ ಸರಿಯಬಹುದು. ಮುದ್ರಣಕ್ಕೆ ಕೊಡುವಾಗ ಪಿಡಿಎಫ್ ಮಾಡಿ ಕೊಡಿ. ಇನ್ನು ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಬಳಸುವವರು ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಮೂರನೇ ಪ್ರಶ್ನೆ: ತೊಂದರೆಯಾದರೆ ಯಾರನ್ನು ಕೇಳುತ್ತೀರಿ?

ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಆದರೆ ಹೊಸಬರಿಗೆ ಇದೇ ಎಲ್ಲಕ್ಕಿಂತ ದೊಡ್ಡದು.

ನೆರೆಯ ಕೇರಳವನ್ನು ನೋಡಿ. ಅಲ್ಲಿನ ಶಾಲೆಗಳಿಗಾಗಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟು ಆಧಾರದ ಮೇಲೆ ಒಂದು ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಐಟಿ ಪಾಠ ಕಲಿಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಎಲ್ಲರೂ ಒಂದೇ ಡಿಸ್ಟ್ರೋ ಬಳಸುತ್ತಾರೆ ಎಂಬುದನ್ನು. ಒಬ್ಬ ಮೇಷ್ಟ್ರಿಗೆ ಗೊತ್ತಾದ ಪರಿಹಾರ ಪಕ್ಕದ ಶಾಲೆಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ದೇಶದ್ದೇ ಆದ ಬಾಸ್ ಲಿನಕ್ಸ್ ಕೂಡ ಇದೆ. ಡೆಬಿಯನ್ ಆಧರಿಸಿ ಸಿ-ಡ್ಯಾಕ್ ಸಂಸ್ಥೆ ತಯಾರಿಸಿದ್ದು, ಭಾರತೀಯ ಭಾಷೆಗಳಿಗೆ ಗಮನ ಕೊಟ್ಟಿದೆ. ಆದರೆ ಹೊಸಬರಿಗೆ ಬೇಕಾದ ವಿಡಿಯೋ ಪಾಠ, ಪ್ರಶ್ನೋತ್ತರ ಉಬುಂಟು ಮತ್ತು ಮಿಂಟ್‌ಗೆ ಸಿಗುವಷ್ಟು ಹೇರಳವಾಗಿ ಅದಕ್ಕೆ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ತರಗತಿಯಲ್ಲಿ, ನಿಮ್ಮ ಬೀದಿಯಲ್ಲಿ, ಬಂಧುಗಳಲ್ಲಿ ಯಾರಾದರೂ ಈಗಾಗಲೇ ಲಿನಕ್ಸ್ ಬಳಸುತ್ತಿದ್ದರೆ ಅವರು ಬಳಸುವುದನ್ನೇ ಹಾಕಿಕೊಳ್ಳುವುದು ಒಳ್ಳೆಯದು. ವೈಫೈ ಬಾರದೆ ಕೂತಾಗ ಇಂಟರ್‌ನೆಟ್ಟಿನಲ್ಲಿ ಹುಡುಕಲೂ ಆಗುವುದಿಲ್ಲ. ಆಗ ಕೆಲಸಕ್ಕೆ ಬರುವುದು ಪಕ್ಕದ ಮನೆಯ ಗೆಳೆಯ.

ಹೆಸರು ಹಿಡಿದು ಹೇಳುವುದಾದರೆ

ಲಿನಕ್ಸ್ ಮಿಂಟ್: ಹೆಚ್ಚಿನ ವಿದ್ಯಾರ್ಥಿಗಳಿಗೆ ನಮ್ಮ ಮೊದಲ ಸಲಹೆ ಇದು. 2006ರಲ್ಲಿ ಆರಂಭವಾದದ್ದು. ಉಬುಂಟುವಿನ ದೀರ್ಘಾವಧಿ ಆವೃತ್ತಿಯ ಮೇಲೆ ಕಟ್ಟಿದ್ದರಿಂದ ಉಬುಂಟುವಿಗೆ ಬರೆದ ಹೆಚ್ಚಿನ ಪಾಠಗಳು ಇದಕ್ಕೂ ಅನ್ವಯಿಸುತ್ತವೆ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲ ಇದೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಅಥವಾ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ. ಮನೆಯಲ್ಲಿ ಅಬ್ಬನೋ ಅಮ್ಮನೋ ಬಳಸಬೇಕಾದರೂ ಮೆನು ಎಲ್ಲಿದೆ ಎಂದು ಕೇಳಬೇಕಾಗುವುದಿಲ್ಲ.

ಉಬುಂಟು: 2004ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಹೆಸರು ಆಫ್ರಿಕಾದ ದಕ್ಷಿಣ ಭಾಗದ ಭಾಷೆಗಳದ್ದು. ಮನುಷ್ಯ ಮನುಷ್ಯನಿಗೆ ಆಗುವ ಗುಣ ಎಂಬ ಭಾವ ಅದರಲ್ಲಿದೆ. ಸಾಕಷ್ಟು ರ‍್ಯಾಮ್ ಇರುವ, ಮುಂದೆ ಪ್ರೋಗ್ರಾಮಿಂಗ್ ಕಡೆ ಹೋಗುವ ವಿದ್ಯಾರ್ಥಿಗೆ ಒಳ್ಳೆಯದು. 24.04 ಆವೃತ್ತಿಗೆ 4 ಜಿಬಿ ರ‍್ಯಾಮ್, 25 ಜಿಬಿ ಜಾಗ ಬೇಕು. ಇದೇ ಬಳಗದ ಲುಬುಂಟು ಹಗುರವಾದದ್ದು. 2 ಜಿಬಿ ಯಂತ್ರಕ್ಕೆ ಪ್ರಯತ್ನಿಸಬಹುದು.

ಫೆಡೋರಾ: ರೆಡ್ ಹ್ಯಾಟ್ ಕಂಪನಿಯ ಬೆಂಬಲದಿಂದ 2003ರಿಂದ ನಡೆಯುತ್ತಿದೆ. ಕರ್ನಲ್ ಮತ್ತು ತಂತ್ರಾಂಶ ಹೊಸದಾಗಿರುತ್ತವೆ. ಲ್ಯಾಪ್‌ಟಾಪ್ ತೀರಾ ಹೊಸದಾಗಿದ್ದು ಮಿಂಟ್‌ನಲ್ಲಿ ವೈಫೈ ಅಥವಾ ಧ್ವನಿ ಬಾರದಿದ್ದರೆ ಇದನ್ನು ನೋಡಿ. ವರ್ಷಕ್ಕೊಮ್ಮೆಯಾದರೂ ಹೊಸ ಆವೃತ್ತಿಗೆ ಏರಬೇಕು ಎಂಬುದು ನೆನಪಿರಲಿ.

ಡೆಬಿಯನ್: 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಆಗಿನ ಗೆಳತಿ ಡೆಬ್ರಾ ಮತ್ತು ತಮ್ಮ ಹೆಸರು ಸೇರಿಸಿ ಈ ಹೆಸರಿಟ್ಟರು. ಉಬುಂಟು ಇದರ ಮಗು, ಮಿಂಟ್ ಮೊಮ್ಮಗು ಎನ್ನಬಹುದು. ಬಹಳ ಸ್ಥಿರ. ಮೊದಲ ಆರು ತಿಂಗಳ ಕಲಿಕೆ ಆದ ಮೇಲೆ ಇದಕ್ಕೆ ಬಂದರೆ ಚೆನ್ನ.

ಕಾಲಿ ಬೇಡ, ಸದ್ಯಕ್ಕೆ

"ಸರ್, ಹ್ಯಾಕಿಂಗ್ ಕಲಿಯಬೇಕು, ಕಾಲಿ ಹಾಕಿಕೊಡಿ" ಎಂದು ಪ್ರತಿ ವರ್ಷ ಕೆಲವರು ಬರುತ್ತಾರೆ. ಕಾಲಿ ಲಿನಕ್ಸ್ ಒಳ್ಳೆಯ ಸಾಧನವೇ. ಆದರೆ ಅದು ಭದ್ರತಾ ಪರೀಕ್ಷೆ ಮಾಡುವ ವೃತ್ತಿಪರರಿಗಾಗಿ ಮಾಡಿದ್ದು. ಲಿನಕ್ಸ್ ಪರಿಚಯವೇ ಇಲ್ಲದವರಿಗೆ ತಕ್ಕುದಲ್ಲ ಎಂದು ಅದನ್ನು ತಯಾರಿಸುವವರೇ ಹೇಳಿದ್ದಾರೆ. ಈಜು ಬಾರದವನು ಸಮುದ್ರದಲ್ಲಿ ಕಲಿಯಲು ಹೊರಟ ಹಾಗೆ ಅದು. ನೆಟ್‌ವರ್ಕ್ ಕಲಿಯಬೇಕಾದರೆ ವೈರ್‌ಶಾರ್ಕ್‌ನಂಥ ಸಾಧನಗಳನ್ನು ಮಿಂಟ್‌ನಲ್ಲೇ ಹಾಕಿಕೊಳ್ಳಬಹುದು.

ಇದಕ್ಕಿಂತ ಮುಖ್ಯವಾದ ಮಾತು: ಇನ್ನೊಬ್ಬರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಒಳಗೆ ಅವರ ಅನುಮತಿಯಿಲ್ಲದೆ ದುರುದ್ದೇಶದಿಂದ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪಕ್ಕದ ಮನೆಯ ವೈಫೈ ಮೇಲೆ ಪ್ರಯೋಗ ಮಾಡುವುದು ತಮಾಷೆಯಲ್ಲ.

ಆರ್ಚ್ ಮತ್ತು ಜೆಂಟೂ ಕೂಡ ಮೊದಲ ಮೆಟ್ಟಿಲಲ್ಲ. ಅವುಗಳಲ್ಲಿ ಬಹುಪಾಲು ನಾವೇ ಕೈಯಾರೆ ಕಟ್ಟಿಕೊಳ್ಳಬೇಕು. ಕಲಿಯುವುದು ಬಹಳ ಇದೆ, ಆದರೆ ನಾಳೆ ಬೆಳಗ್ಗೆ ಅಸೈನ್‌ಮೆಂಟ್ ಕೊಡಬೇಕಾದವರಿಗಲ್ಲ.

ಹಾಕುವ ಮೊದಲು ಓಡಿಸಿ ನೋಡಿ

ಲಿನಕ್ಸ್‌ನ ದೊಡ್ಡ ಅನುಕೂಲ ಇದು: ಡಿಸ್ಕಿಗೆ ಏನೂ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಇದನ್ನು ಲೈವ್ ಎನ್ನುತ್ತಾರೆ.

8 ಜಿಬಿಯ ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಡಿಸ್ಟ್ರೋದ ಅಧಿಕೃತ ಜಾಲತಾಣದಿಂದಲೇ ಐಎಸ್‌ಒ ಕಡತ ಇಳಿಸಿಕೊಳ್ಳಿ. ಮಿಂಟ್ ಸುಮಾರು 3 ಜಿಬಿ, ಉಬುಂಟು 24.04 ಅದರ ಸುಮಾರು ಎರಡರಷ್ಟು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಪ್ಯಾಕ್ ಇರುವವರಿಗೆ ಇದು ಕಷ್ಟ. ಹಾಗಿದ್ದರೆ ಗೆಳೆಯರು ಇಳಿಸಿಕೊಂಡದ್ದನ್ನು ನಕಲು ಮಾಡಿಕೊಳ್ಳಿ. ಇದರಲ್ಲಿ ಯಾವ ತಪ್ಪೂ ಇಲ್ಲ. ಹಂಚಿಕೊಳ್ಳುವ ಹಕ್ಕನ್ನು ಇದರ ಪರವಾನಗಿಯೇ ಕೊಟ್ಟಿದೆ. ಕದ್ದ ಕೀ ಹಾಕಿ ವಿಂಡೋಸ್ ನಡೆಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು. ಇಳಿಸಿಕೊಂಡ ಕಡತ ಪೂರ್ತಿಯಾಗಿದೆಯೇ, ಯಾರೂ ಕೈಯಾಡಿಸಿಲ್ಲವೇ ಎಂದು ತಿಳಿಯಲು ಜಾಲತಾಣದಲ್ಲಿ ಕೊಟ್ಟ ಚೆಕ್‌ಸಮ್ ಜೊತೆ ಹೋಲಿಸಿ ನೋಡಿ.

ರೂಫಸ್ ಅಥವಾ ವೆಂಟಾಯ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಮಾಡಿ. ಅದರಲ್ಲಿದ್ದ ಹಳೆಯ ಕಡತಗಳು ಅಳಿಸಿಹೋಗುತ್ತವೆ. ನಂತರ ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಿ. ಡೆಲ್, ಲೆನೊವೊ ಯಂತ್ರಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್.

ಪರದೆ ಮೂಡಿದ ಮೇಲೆ ಅವಸರ ಮಾಡಬೇಡಿ. ಅರ್ಧ ಗಂಟೆ ಕೂತು ಒಂದೊಂದಾಗಿ ಪರೀಕ್ಷಿಸಿ: ವೈಫೈ ಸಿಗುತ್ತದೆಯೇ? ಧ್ವನಿ ಬರುತ್ತದೆಯೇ? ಕ್ಯಾಮೆರಾ, ಟಚ್‌ಪ್ಯಾಡ್, ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ ಕೆಲಸ ಮಾಡುತ್ತವೆಯೇ? ಮನೆಯಲ್ಲಿ ಪ್ರಿಂಟರ್ ಇದ್ದರೆ ಅದು? ಕನ್ನಡದ ಒಂದು ಪುಟ ಸರಿಯಾಗಿ ಕಾಣುತ್ತದೆಯೇ? ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ ಇರುವುದು ಸಹಜ. ಇದೆಲ್ಲ ಸರಿ ಇದ್ದರೆ ಆ ಡಿಸ್ಟ್ರೋ ನಿಮ್ಮ ಯಂತ್ರಕ್ಕೆ ಹೊಂದಿತು. ಇಲ್ಲದಿದ್ದರೆ ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪನ್ನು ಮತ್ತೆ ಆನ್ ಮಾಡಿ. ವಿಂಡೋಸ್ ಇದ್ದ ಹಾಗೇ ಇರುತ್ತದೆ. ಇನ್ನೊಂದನ್ನು ನೋಡಿ.

ಎಲ್ಲಕ್ಕಿಂತ ಮೊದಲು ಬ್ಯಾಕಪ್

ಲ್ಯಾಪ್‌ಟಾಪ್ ನಿಮ್ಮೊಬ್ಬರದೇ ಅಲ್ಲ. ಅದರಲ್ಲಿ ಅಕ್ಕನ ಮದುವೆಯ ಫೋಟೋ ಇರಬಹುದು, ಅಣ್ಣನ ಪ್ರಾಜೆಕ್ಟ್, ಮನೆಯವರ ದಾಖಲೆಗಳ ಸ್ಕ್ಯಾನ್ ಇರಬಹುದು. ಇನ್‌ಸ್ಟಾಲ್ ಮಾಡುವಾಗ "ಇಡೀ ಡಿಸ್ಕ್ ಅಳಿಸಿ ಹಾಕು" ಎಂಬ ಅರ್ಥದ ಒಂದು ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ವಿಂಡೋಸ್ ಮಾತ್ರವಲ್ಲ, ಡಿ ಡ್ರೈವ್, ಇ ಡ್ರೈವ್ ಎಂದು ಕಾಣುತ್ತಿದ್ದುದೂ ಹೋಗುತ್ತದೆ. ಅವೆಲ್ಲ ಒಂದೇ ಡಿಸ್ಕಿನ ಭಾಗಗಳು ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಬೇಕಾದ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ನೋಡಿ, ಮನೆಯವರ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಿರಿ.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಹಾಕುವವರು ವಿಂಡೋಸ್‌ನಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸುಮಾರು 50 ಜಿಬಿ ಜಾಗ ಬಿಡಿಸಿಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ವಿಂಡೋಸ್ ಬಾಗಿಲು ತೆರೆಯದೇ ಹೋಗಬಹುದು. ಮತ್ತು ಇದನ್ನೆಲ್ಲ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ವಾರ ಮಾಡಬೇಡಿ. ರಜೆಯಲ್ಲಿ ಮಾಡಿ.

ಆರಿಸಿದ ಮೇಲೆ ಮೂರು ತಿಂಗಳು ಅದರಲ್ಲೇ ಇರಿ

ಹೊಸಬರಲ್ಲಿ ಒಂದು ಚಟ ಕಾಣುತ್ತದೆ. ಈ ವಾರ ಮಿಂಟ್, ಮುಂದಿನ ವಾರ ಫೆಡೋರಾ, ಅದರ ಮುಂದಿನ ವಾರ ಇನ್ನೇನೋ. ಪ್ರತಿ ಸಲ ಹೊಸ ವಾಲ್‌ಪೇಪರ್, ಹೊಸ ಮೆನು. ಕಲಿತದ್ದು ಇನ್‌ಸ್ಟಾಲ್ ಮಾಡುವುದೊಂದೇ. ಮೊದಲ ಸಮಸ್ಯೆ ಬಂದ ಕೂಡಲೇ ಡಿಸ್ಟ್ರೋ ಬದಲಾಯಿಸಿದರೆ ಆ ಸಮಸ್ಯೆ ಏಕೆ ಬಂತು ಎಂದು ತಿಳಿಯುವ ಅವಕಾಶವೇ ತಪ್ಪುತ್ತದೆ.

ಒಂದನ್ನು ಆರಿಸಿ ಮೂರು ತಿಂಗಳು ಬಳಸಿ. ಟರ್ಮಿನಲ್ ತೆರೆದು ಕಡತ ನಕಲು ಮಾಡುವುದು, ಫೋಲ್ಡರ್ ಮಾಡುವುದು, ಅಪ್‌ಡೇಟ್ ಕೊಡುವುದು ಕಲಿಯಿರಿ. ಫೋಲ್ಡರ್, ಕಡತಗಳ ಆದೇಶ ಎಲ್ಲ ಡಿಸ್ಟ್ರೋಗಳಲ್ಲೂ ಒಂದೇ. ಅಪ್‌ಡೇಟ್ ಕೊಡುವ ಆದೇಶ ಮಾತ್ರ ಬೇರೆ. ಮಿಂಟ್‌ನಲ್ಲಿ ಕಲಿತದ್ದು ನಾಳೆ ಸರ್ವರ್ ಮುಂದೆ ಕೂತಾಗಲೂ ಉಪಯೋಗಕ್ಕೆ ಬರುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಆದೇಶವನ್ನು ಅರ್ಥ ತಿಳಿಯದೆ ಅಂಟಿಸಬೇಡಿ. ಅದರ ಆರಂಭದಲ್ಲಿ ಸುಡೋ ಎಂದಿದ್ದರೆ ಇಡೀ ಯಂತ್ರದ ಮೇಲೆ ಅಧಿಕಾರ ಕೊಟ್ಟಂತೆ. ಎರಡು ಸಲ ಓದಿ ಒತ್ತಿ.

ಅಭ್ಯಾಸ

1. ನಿಮ್ಮ ಮನೆಯ ಲ್ಯಾಪ್‌ಟಾಪಿನ ರ‍್ಯಾಮ್, ಪ್ರೊಸೆಸರ್, ಡಿಸ್ಕ್ ವಿವರ ಬರೆದುಕೊಂಡು ಬನ್ನಿ. ಅದು 64 ಬಿಟ್ ಹೌದೇ?

2. ನೀವು ವಾರದಲ್ಲಿ ಬಳಸುವ ತಂತ್ರಾಂಶಗಳ ಪಟ್ಟಿ ಮಾಡಿ. ಯಾವುದು ಬ್ರೌಸರಿನಲ್ಲೇ ನಡೆಯುತ್ತದೆ? ಯಾವುದಕ್ಕೆ ವಿಂಡೋಸ್ ಬೇಕೇ ಬೇಕು?

3. 4 ಜಿಬಿ ರ‍್ಯಾಮ್ ಇರುವ, ಟ್ಯಾಲಿ ಕಲಿಯುತ್ತಿರುವ ವಾಣಿಜ್ಯ ವಿದ್ಯಾರ್ಥಿನಿಗೆ ಯಾವ ಡಿಸ್ಟ್ರೋ, ಯಾವ ಡೆಸ್ಕ್‌ಟಾಪ್ ಸೂಚಿಸುತ್ತೀರಿ? ವಿಂಡೋಸ್ ಏನು ಮಾಡಬೇಕು? ಕಾರಣ ಕೊಡಿ.

4. ಉಬುಂಟು 24.04 ಮತ್ತು 24.10 ಇವುಗಳಲ್ಲಿ ಪಿಯುಸಿ ವಿದ್ಯಾರ್ಥಿಗೆ ಯಾವುದು ತಕ್ಕುದು? ಏಕೆ?

5. ಲೈವ್ ಪೆನ್‌ಡ್ರೈವ್‌ನಿಂದ ಓಡಿಸಿ, ಮೇಲೆ ಹೇಳಿದ ಪರೀಕ್ಷೆಗಳ ಫಲಿತಾಂಶವನ್ನು ಕೋಷ್ಟಕದಲ್ಲಿ ಬರೆಯಿರಿ. ಅಂತ್ಯದಲ್ಲಿ ಒಂದೇ ವಾಕ್ಯ: "ಈ ಯಂತ್ರಕ್ಕೆ ನಾನು ಇದನ್ನು ಆರಿಸುತ್ತೇನೆ, ಏಕೆಂದರೆ..."

ಆ ಒಂದು ವಾಕ್ಯವನ್ನು ನೀವೇ ಪೂರ್ತಿ ಮಾಡಬಲ್ಲಿರಾದರೆ ಈ ಪಾಠದ ಉದ್ದೇಶ ನೆರವೇರಿತು. ಪೆನ್‌ಡ್ರೈವ್ ಹಿಡಿದುಕೊಂಡು ಊಟದ ವಿರಾಮದಲ್ಲಿ ಲ್ಯಾಬಿಗೆ ಬನ್ನಿ. ಐಎಸ್‌ಒ ಕಡತ ಒಬ್ಬರ ಬಳಿ ಇದ್ದರೆ ಸಾಕು, ಎಲ್ಲರಿಗೂ ಆಗುತ್ತದೆ.